ಗಜರಾಣಿಯ ಗ್ಯಾರಂಟಿ

ಕೊಪ್ಪಳ
2 ಡಿಸೆಂಬರ್ 1999

ಕುಷ್ಟಗಿ ತಹಸೀಲ್ ಕಚೇರಿಯ ಟೈಪಿಂಗ್ ಮಷೀನನ್ನು ಹತ್ತೂ ಬೆರಳಿನಿಂದ ನಡುಗಿಸುವ ಸಹನಕ್ಕನ ಸನ್ನಿಧಾನಕ್ಕೆ, ಕೊಪ್ಪಳದಲ್ಲಿ ಓದಲು ಕೂತ ತಮ್ಮ ನಾಗೇಶನ ವರದಿ.

ನಿನ್ನ ಪತ್ರ ಮುಟ್ಟಿತು. ಮಾನೌಮಿ ಹಬ್ಬಕ್ಕೆ ಮನೆಗೆ ಬಂದ ಗಜರಾಣಿ ಮಿಕ್ಸರು ದೀಪಾವಳಿ ಕಳೆದು ಹದಿನೈದು ದಿನಕ್ಕೆ ಹೊಗೆ ಬಿಟ್ಟು ನಿಂತಿತೆಂದೂ, ಅವ್ವನ ಖಾನಾವಳಿಯಲ್ಲಿ ಉಣ್ಣಲು ಕೂತವರು ಸುಟ್ಟ ವಾಸನೆಗೆ ಮೂಗು ಮುಚ್ಚಿಕೊಂಡು ಎದ್ದರೆಂದೂ ತಿಳಿದು ದುಃಖವಾಯಿತು. ಆ ಕಂಪನಿಯನ್ನು ಆರಿಸಿದವನು ನಾನು. ಆದ್ದರಿಂದ ವಿಚಾರಣಾ ಆಯೋಗವೊಂದನ್ನು ನೇಮಿಸಿದ್ದೇನೆ. ಅಧ್ಯಕ್ಷ ನಾನು, ಸದಸ್ಯ ನಾನು, ಆಯೋಗಕ್ಕೆ ಚಹಾ ತರುವವನೂ ನಾನೇ.

ಕೊಳ್ಳುವ ಮೊದಲೇ ನೀನು ಹೇಳಿದ್ದೆ: "ಬಣ್ಣ ನೋಡಬ್ಯಾಡ ನಾಗ್ಯಾ, ಕೆಟ್ಟ ಮ್ಯಾಲೆ ಯಾರು ಬರ್ತಾರ ಅದನ್ನ ನೋಡು." ನಾನು ಅದನ್ನೇ ನೋಡಿದೆ. ಗಜರಾಣಿಯ ಪುಸ್ತಿಕೆಯ ಬೆನ್ನಿಗೆ ಸೇವಾಕೇಂದ್ರಗಳ ಪಟ್ಟಿಯಿತ್ತು, ಪಟ್ಟಿಯಲ್ಲಿ ಕೊಪ್ಪಳವಿತ್ತು. ಉಳಿದ ಕಂಪನಿಗಳಿಗೆ ಭೂಮಿಯ ಮೇಲೆ ಕೊಪ್ಪಳವೆಂಬ ಊರು ಇದೆಯೆಂಬ ಸುದ್ದಿಯೇ ಮುಟ್ಟಿರಲಿಲ್ಲ.

ನಿನ್ನೆ ಆಯೋಗವು ಆ ಕೇಂದ್ರಕ್ಕೆ ಭೇಟಿ ಕೊಟ್ಟಿತು. ಬಜಾರದ ಒಳಗಲ್ಲಿಯಲ್ಲಿ ಒಂದೇ ಬಾಗಿಲಿನ ಅಂಗಡಿ. ಮೇಲೆ ಗಜರಾಣಿಯ ಕಿರೀಟವಿರುವ ದೊಡ್ಡ ಬೋರ್ಡು. ಕೆಳಗೆ ಸರ್ದಾರಬೀ ಎಂಬ ಹೆಂಗಸು ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದಳು.

"ಮಿಕ್ಸರ್ ರಿಪೇರಿ ಇಲ್ಲೇ ಏನ್ರಿ?"

"ಬೋರ್ಡ್ ಇಲ್ಲೈತಿ. ರಿಪೇರಿ ಇಲ್ಲಪಾ. ರಿಪೇರಿಯವ ಬಾಡಿಗಿ ಬಿಟ್ಟು ಹೋಗಿ ಆರು ತಿಂಗಳಾತು. ಬೋರ್ಡಿನ ನೆಳ್ಳು ಛಲೋ ಬೀಳತೈತಿ ಅಂತ ನಾ ತಗಸಿಲ್ಲ."

"ಮತ್ತ ಆ ಮೂಲ್ಯಾಗ ಇಷ್ಟೊಂದು ಮಿಕ್ಸರ್ ಅದಾವಲ್ರಿ?"

"ಮಂದಿ ಬರ್ತಾರ, ಇಟ್ಟು ಹೋಗ್ತಾರ. ಬ್ಯಾಡಂದ್ರ ಕೇಳೂದಿಲ್ಲ. ಹದಿನಾಲ್ಕ ಆಗ್ಯಾವ. ಕುಂದರ್ರಿ," ಎಂದು ಒಂದನ್ನು ನನ್ನ ಕಡೆ ದೂಡಿದಳು.

ಆಯೋಗವು ಗಜರಾಣಿಯ ಮೇಲೆ ಆಸೀನವಾಯಿತು. ಪಕ್ಕದಲ್ಲಿದ್ದ ಜಾರಿನ ಮುಚ್ಚಳ ತೆಗೆದು ನೋಡಿದ್ದೇ ತಪ್ಪಾಯಿತು. ಯಾವಳೋ ತಾಯಿ ಆತುರದಲ್ಲಿ ತೊಳೆಯದೆ ತಂದುಕೊಟ್ಟ ಪುಟಾಣಿ ಚಟ್ನಿಗೆ ಹಸಿರು ತುಪ್ಪಳ ಬಂದಿತ್ತು. ಅದರೊಳಗೆ ಜಿರಲೆಗಳ ಒಂದು ಅವಿಭಕ್ತ ಕುಟುಂಬ. ಅವಕ್ಕೂ ಎರಡು ವರ್ಷ ಗ್ಯಾರಂಟಿ ಇರಬೇಕು. ರಾತ್ರಿ ಊಟ ಸೇರಲಿಲ್ಲ.

ವಿಚಾರಣೆ ಮುಂದುವರಿದಿದೆ.

ಆಯೋಗದ ಪರವಾಗಿ,
ನಾಗೇಶ

---

ಕುಷ್ಟಗಿ
9 ಡಿಸೆಂಬರ್ 1999

ನಾಗ್ಯಾ,

ನಿನ್ನ ವರದಿ ಓದಿ ನಕ್ಕೆ. ಅವ್ವನ ಮುಂದೆ ನಗಲಿಲ್ಲ.

ನೀನು ಕೊಪ್ಪಳದಲ್ಲಿ ಕೂತು ಆಯೋಗ ನಡೆಸುತ್ತೀ. ಇಲ್ಲಿ ಅವ್ವ ಹೋದ ಸೋಮವಾರದಿಂದ ಮತ್ತೆ ಒಳ್ಳುಕಲ್ಲಿನ ಮುಂದೆ ಚಟ್ನಿ ಕುಟ್ಟುತ್ತ ಕೂತಿದ್ದಾಳೆ. ಗಂಗಾವತಿಯ ಡಾಕ್ಟರು ಹೇಳಿದ್ದು ಮರೆತಿಲ್ಲ ತಾನೇ? ಇನ್ನೊಂದು ವರ್ಷ ಹೀಗೇ ಕುಟ್ಟಿದರೆ ಬಲಗೈ ಹೆಗಲ ಮೇಲಕ್ಕೆ ಏಳುವುದಿಲ್ಲ ಅಂದಿದ್ದರು. ಆ ಮಾತಿಗೇ ನಾವು ಮಿಕ್ಸರು ತಂದದ್ದು. ಈಗ ಬೆಳಿಗ್ಗೆ ಅವಳ ತಲೆ ನಾನೇ ಬಾಚುತ್ತೇನೆ. ತುರುಬು ಕಟ್ಟಲು ಅವಳ ಕೈ ಹಿಂದಕ್ಕೆ ಹೋಗುವುದಿಲ್ಲ. "ಆಫೀಸಿಗೆ ತಡಾ ಆಕ್ಕೈತಿ, ಹೋಗು, ಬಿಚ್ಚಿದ್ರೇನಾತು" ಅನ್ನುತ್ತಾಳೆ.

ಮೆಣಸಿನಕಾಯಿ ಚಟ್ನಿ ನಿಲ್ಲಿಸು ಅಂದೆ. "ಕೆಂಪಿಂಡಿ ಇಲ್ಲಂದ್ರ ಡ್ರೈವರ್ ಕಂಡಕ್ಟರ್ ನನ್ನ ಮುಖಾ ನೋಡಾಕ ಬರ್ತಾರೇನು? ರೊಟ್ಟಿ ಎಲ್ಲಾ ಕಡೆ ಸಿಗತಾವ" ಅಂದಳು. ಅದೂ ಖರೆ. ಎಳ್ಳಮಾಸಿ ಹಬ್ಬ ಬೇರೆ ಹತ್ತಿರ ಬಂತು. ಹೊಲಕ್ಕೆ ಚರಗದ ಬುತ್ತಿ ಒಯ್ಯುವ ಆಫೀಸಿನವರೆಲ್ಲ ಅವಳ ಚಟ್ನಿಯನ್ನೇ ಕೇಳಿದ್ದಾರೆ.

ರೇಡಿಯೋ ಅಂಗಡಿಯ ಮೌಲಾಹುಸೇನ ಊಟಕ್ಕೆ ಬಂದಾಗ ಮಷೀನನ್ನು ಅಲ್ಲಾಡಿಸಿ ನೋಡಿದ. "ಅಮರಕ್ಕ, ಬಿಚ್ಚಿ ನೋಡ್ಲೇನು? ಸೀಲ್ ಒಂದು ಒಡಿಬೇಕಾಕ್ಕೈತಿ" ಅಂದ. ಅವ್ವ ಮಷೀನನ್ನು ಅವನ ಕೈಯಿಂದ ಕಸಿದುಕೊಂಡಳು. "ಸೀಲ್ ಒಡದ್ರ ಗ್ಯಾರಂಟಿ ಹೊಕ್ಕೈತಿ ಅಂತ ಬರದಾರ. ನನ್ನ ಮಗ ಓದಿ ಹೇಳ್ಯಾನ." ಆ ಗ್ಯಾರಂಟಿ ಕಾಗದ ಎಲ್ಲಿದೆ ಗೊತ್ತೇ? ಜಗಲಿಯ ಮೇಲೆ, ದೇವರ ಸಾಲಿನಲ್ಲಿ. ಸೋಮವಾರಕ್ಕೊಮ್ಮೆ ಅದಕ್ಕೂ ವಿಭೂತಿ ಏರುತ್ತದೆ.

ನಾನು ಎಸ್‌ಟಿಡಿ ಬೂತಿನಿಂದ ಕಂಪನಿಯ ದೊಡ್ಡ ಆಫೀಸಿಗೆ ಮೂರು ಸಲ ಫೋನ್ ಮಾಡಿದೆ. ಎರಡು ಸಲ ಕೊಳಲು ಕೇಳಿಸಿದರು. ಮೂರನೆಯ ಸಲ, "ನಿಮ್ಮದು ರಾಯಚೂರು ಶಾಖೆಗೆ ಬರುತ್ತದೆ" ಎಂದು ಹೇಳಿ ಕಡಿದರು. ರಾಯಚೂರಿಗೆ ನೀನು ಹೋಗು. ಆಯೋಗವನ್ನು ಕರೆದುಕೊಂಡು ಹೋಗಬೇಡ, ನೀನೊಬ್ಬನೇ ಹೋಗು.

ಸಹನಾ

---

ಕೊಪ್ಪಳ
20 ಡಿಸೆಂಬರ್ 1999

ಅಕ್ಕ,

ಹೋಗಿ ಬಂದೆ. ಆಯೋಗವನ್ನು ಬಿಟ್ಟೇ ಹೋಗಿದ್ದೆ, ಆದರೆ ಬರುವಾಗ ಅದು ತಾನಾಗಿಯೇ ಬೆನ್ನು ಹತ್ತಿತು.

ರಾಯಚೂರು ಶಾಖೆಯ ಇಂಜಿನಿಯರ ಹೆಸರು ಗೋವಿಂದರಾಜ. ಕೊರಳಿಗೆ ಟೈ, ಕಿವಿಯೊಳಗೆ ಕಡ್ಡಿಪೆಟ್ಟಿಗೆಯ ಕಡ್ಡಿ. ನನ್ನ ಮಾತು ಕೇಳುತ್ತಲೇ ಅದನ್ನು ಆಡಿಸಿ, ಹೊರತೆಗೆದು, ತುದಿಗೆ ಬಂದದ್ದನ್ನು ಪರಿಶೀಲಿಸಿ, ಮೇಜಿನ ಅಂಚಿಗೆ ಒರೆಸಿ, ಅದೇ ಕೈಯನ್ನು ನನಗೆ ಕುಲುಕಲು ಚಾಚಿದ. ನಾನು ದೂರದಿಂದಲೇ ನಮಸ್ಕಾರ ಮಾಡಿದೆ. ಎಲ್ಲ ಹೇಳಿ ಮುಗಿಸಿದ ಮೇಲೆ ಕೇಳಿದ:

"ಕುಷ್ಟಗಿ ಯಾವ ಜಿಲ್ಲಾರಿ?"

"ಕೊಪ್ಪಳ್ರಿ."

"ಕೊಪ್ಪಳ ಬ್ಯಾರೆ ಜಿಲ್ಲಾ ಆಗಿ ಎರಡು ವರ್ಷಾತಲ್ರಿ. ನಮಗ ಬರೂದಿಲ್ಲ. ಕೊಪ್ಪಳ ಸೆಂಟರಿಗೆ ಹೋಗ್ರಿ."

"ಅಲ್ಲಿ ಸೀರಿಗೆ ಫಾಲ್ ಹಚ್ಚತಾರ್ರಿ."

"ಅದು ನಮಗ ಸಂಬಂಧಿಲ್ಲ."

"ನಿಮ್ಮ ದೊಡ್ಡ ಆಫೀಸ್ನವರು ರಾಯಚೂರಂದಾರ."

"ಅವರತ್ರ ಹಳೇ ನಕಾಶಿ ಐತಿ."

ನೋಡು, ಜಿಲ್ಲೆ ಬೇಕೆಂದು ನಮ್ಮ ಹಿರಿಯರು ಎಷ್ಟು ಮೆರವಣಿಗೆ ಮಾಡಿದರು. ಜಿಲ್ಲೆ ಬಂತು, ಕಚೇರಿಗಳು ಬಂದವು, ಸಾಹೇಬರು ಬಂದರು. ಆದರೆ ನಮ್ಮ ಅವ್ವನ ಮಿಕ್ಸರು ಎರಡು ಜಿಲ್ಲೆಗಳ ನಡುವಿನ ಗಟಾರಕ್ಕೆ ಬಿತ್ತು.

ಮರಳಿ ಬರುವಾಗ ಬಸ್ಸಿನಲ್ಲಿ ಎಷ್ಟು ಹೇಸಿಕೆಯಾಯಿತೆಂದರೆ, ಆ ಹೇಸಿಕೆಯ ಭರದಲ್ಲಿ ಒಂದು ಸಂಸ್ಥೆಯನ್ನೇ ಸ್ಥಾಪಿಸಿದೆ. "ಕೊಪ್ಪಳ ಜಿಲ್ಲಾ ಗೃಹಿಣಿಯರ ಹಿತರಕ್ಷಣಾ ಮಹಾಮಂಡಳಿ." ಅಧ್ಯಕ್ಷೆ, ಶ್ರೀಮತಿ ಮಹೇಶ್ವರಿದೇವಿ ಗಾದಿಲಿಂಗಪ್ಪ. ಆ ತಾಯಿ ಇನ್ನೂ ಹುಟ್ಟಿಲ್ಲ, ಆದರೆ ಸಹಿ ಮಾತ್ರ ಬಹಳ ಗಂಭೀರವಾಗಿದೆ. ಮುದ್ರೆಯನ್ನು ಆಲೂಗಡ್ಡೆಯಲ್ಲಿ ಕೊರೆದೆ. ಪತ್ರದ ಮುಖ್ಯ ಭಾಗ ಹೀಗಿದೆ:

"ಕುಷ್ಟಗಿಯ ಶ್ರೀಮತಿ ಅಮರಮ್ಮನವರ ಯಂತ್ರವನ್ನು ಹದಿನೈದು ದಿನದೊಳಗೆ ಮನೆಬಾಗಿಲಿಗೆ ಬಂದು ಪರೀಕ್ಷಿಸದಿದ್ದಲ್ಲಿ, ಮಂಡಳಿಯ ನೂರಿಪ್ಪತ್ತು ಗೃಹಿಣಿಯರು ತಮ್ಮ ತಮ್ಮ ಮೃತ ಮಿಕ್ಸರುಗಳನ್ನು ತಲೆಯ ಮೇಲೆ ಹೊತ್ತು ನಿಮ್ಮ ಶಾಖೆಗೆ ಬಂದು, ಹೊಸ್ತಿಲಲ್ಲಿ ಸಾಲಾಗಿ ಮಲಗಿಸಿ, ಮೂರು ದಿನ ಶೋಕಾಚರಣೆ ಮಾಡುವರು. ಪತ್ರಿಕೆಯವರಿಗೆ ಆಹ್ವಾನ ಕಳುಹಿಸಲಾಗಿದೆ."

ಇಂದು ರಿಜಿಸ್ಟರ್ ಮಾಡಿಸಿದೆ. ಗೋವಿಂದರಾಜ ಕಿವಿಯಿಂದ ಕಡ್ಡಿ ತೆಗೆದು ಓಡಿ ಬರುತ್ತಾನೆ, ನೋಡುತ್ತಿರು. ಅವ್ವನಿಗೆ ಇಷ್ಟೇ ಹೇಳು, ಕಂಪನಿಯವರು ಬರುತ್ತಾರೆ ಅಂತ.

ಮಹಾಮಂಡಳಿಯ ಆಲೂಗಡ್ಡೆ ಕಾರ್ಯದರ್ಶಿ,
ನಾಗೇಶ

---

ಕುಷ್ಟಗಿ
12 ಜನವರಿ 2000

ನಾಗೇಶ,

ಅವರು ಬಂದರು. ನಿನ್ನ ಮಹಾಮಂಡಳಿ ಗೆದ್ದಿತು.

ನಿನ್ನೆ ಮಧ್ಯಾಹ್ನ ಬಂದದ್ದು. ಸರಿಯಾಗಿ ಪಂಕ್ತಿಯ ಹೊತ್ತು, ಹತ್ತು ಹನ್ನೆರಡು ಜನ ಉಣ್ಣುತ್ತಿದ್ದರು. ನಾನು ಆಫೀಸಿನಿಂದ ಊಟಕ್ಕೆ ಬಂದವಳು ಬಾಗಿಲಲ್ಲೇ ನಿಂತೆ. ಗೋವಿಂದರಾಜ ಚಪ್ಪಲಿ ಹಾಕಿಕೊಂಡೇ ಒಲೆಯವರೆಗೆ ಹೋಗಿದ್ದ. ಅವ್ವ ಮಷೀನು ಒರೆಸಿ, ಜಗಲಿಯಿಂದ ಗ್ಯಾರಂಟಿ ಕಾಗದ ತಂದು ಎರಡೂ ಕೈಯಿಂದ ಕೊಟ್ಟಳು. ಅವನು ಕಾಗದದ ಮೇಲಿನ ವಿಭೂತಿಯನ್ನು ಉಫ್ ಎಂದು ಊದಿದ. ಉಣ್ಣುವವರ ತಾಟಿನ ಮೇಲೆ ಬಿತ್ತು.

ಆಮೇಲೆ ಮಷೀನನ್ನು ಬೋರಲು ಹಾಕಿದ.

ತಳದ ತಗಡಿನ ಪಟ್ಟಿಯ ಮೇಲೆ ನೀನು ಕೊರೆಸಿದ್ದು ನೆನಪಿದೆಯಲ್ಲ? ಪಾತ್ರೆ ಭಾಂಡೆ ಅಂಗಡಿಯ ಮುಂದೆ ಹೆಸರು ಹಾಕುವವನ ಹತ್ತಿರ ನಿಂತು ಹಾಕಿಸಿದ್ದು. "ಶ್ರೀಮತಿ ಅಮರಮ್ಮನವರ ಚಟ್ನಿ ಮಹಾಸಂಸ್ಥಾನ, ಕುಷ್ಟಗಿ. ಮಾನೌಮಿ 1999." ಮನೆಗೆ ತಂದು ತೋರಿಸಿದ ದಿನ ಅವ್ವ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಆ ಪಟ್ಟಿಯ ಮೇಲೆ ಕಂಪನಿಯ ನಂಬರೂ ಇತ್ತು, ನಾಗೇಶ. ನಿನ್ನ ಮಹಾಸಂಸ್ಥಾನ ಅದರ ಮೇಲೆಯೇ ಕೂತಿದೆ. ಒಂದು ಅಂಕಿಯೂ ಕಾಣುವುದಿಲ್ಲ. ಮೂವರೂ ನೋಡಿದೆವು, ಒಬ್ಬರಿಗೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಹೆಸರಿಲ್ಲದ ಚಮಚವೂ ಇಲ್ಲವಲ್ಲ.

"ನಂಬರ್ ಯಾಕ ಕೆರದೀರಿ?" ಅಂದ.

"ಕೆರದಿಲ್ಲಪಾ, ಹೆಸರು ಹಾಕಿಸೇವಿ."

"ಕಳುವಿನ ಮಾಲಿಗೆ ಹಿಂಗ ಮಾಡತಾರ. ನಂಬರ್ ಕೆಡಸತಾರ."

ಉಣ್ಣುತ್ತಿದ್ದವರ ಕೈಗಳು ನಿಂತವು. ಅವ್ವ ಹೇಳಿದಳು, "ಹೆಸರಿಲ್ಲದ ಭಾಂಡೆ ಕಳುವಿಂದು ಅಂತಾರ ನಮ್ಮ ಕಡೆ. ಹೆಸರಿದ್ದದ್ದು ಹೆಂಗ ಕಳುವಿಂದಾಕ್ಕೈತಿ? ಅಂಗಡಿ ಚೀಟಿ ಐತಿ, ನೋಡು."

ಅವನು ಚೀಟಿ ನೋಡಲಿಲ್ಲ. "ಯಾರು ಮಾಡ್ಯಾರ ಹೇಳ್ರಿ. ಅವರ ಮ್ಯಾಲೆ ಕಂಪನಿ ಕೇಸ್ ಹಾಕತೈತಿ" ಅಂದ.

"ನಾನ ಮಾಡಿಸೀನಿ," ಅಂದಳು ಅವ್ವ.

ನಾನು "ಅವ್ವಾ" ಅಂದೆ. "ನೀ ಸುಮ್ನಿರು" ಅಂದಳು, ನನ್ನ ಕಡೆ ತಿರುಗದೆ.

ಅವನು ಅಲ್ಲೇ ಕೂತು ಅವ್ವನ ಹೆಸರಿನಲ್ಲಿ ಕಾಗದ ಬರೆದ. ಯಂತ್ರದ ನಂಬರನ್ನು ಬೇಕಂತಲೇ ಅಳಿಸಿದ್ದೇನೆ, ಗ್ಯಾರಂಟಿಯ ಮೇಲೆ ನನಗೆ ಹಕ್ಕಿಲ್ಲ ಅಂತ. ಅವ್ವ ಸಹಿ ಮಾಡಿದಳು. ನಾಲ್ಕು ಅಕ್ಷರಕ್ಕೆ ಎಷ್ಟು ಹೊತ್ತು ಹಿಡಿಯಿತು, ನೀನು ನೋಡಬೇಕಿತ್ತು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಬರೆದಳು.

ಹೇಸಿಕೆಯ ಮಾತು ಇನ್ನೂ ಇದೆ. ಕಾಗದ ಮಡಚಿ ಇಟ್ಟುಕೊಂಡ ಮೇಲೆ ಆ ಮನುಷ್ಯ ಅಲ್ಲೇ ಊಟಕ್ಕೆ ಕೂತ. ಅವ್ವ ಬಡಿಸಿದಳು. ಎರಡು ರೊಟ್ಟಿ ಮುಗಿಸಿ, ಬೆರಳು ನೆಕ್ಕಿ, ಕೆಂಪಿಂಡಿ ಇನ್ನಷ್ಟು ಕೇಳಿದ. "ಚಟ್ನಿ ಛಲೋ ಐತಿ. ಮಿಕ್ಸರಿಂದೇನ್ರಿ?"

"ಒಳ್ಳಿಂದಪಾ," ಅಂದಳು.

ಎದ್ದು ಕೈಯನ್ನು ಬಾಗಿಲ ಪರದೆಗೆ ಒರೆಸಿಕೊಂಡು ಹೋದ. ಆ ಪರದೆಯನ್ನು ಎರಡು ಸಲ ತೊಳೆದೆ, ಇನ್ನೂ ಕಟ್ಟಿಲ್ಲ.

ಕಂಡಕ್ಟರ್ ವಿರುಪಣ್ಣ ಕೈ ತೊಳೆಯುತ್ತ, "ಅಮರಕ್ಕ, ಕಳುವಿನ ಮಾಲು ಸಸ್ತಾ ಸಿಕ್ಕಿತ್ತೇನು? ನನಗೂ ಒಂದು ನೋಡು" ಅಂದ. ಚ್ಯಾಷ್ಟಿಗೆ ಅಂದದ್ದು. ಎಲ್ಲರೂ ನಕ್ಕರು.

ಸಹನಾ

---

(ಕಾರ್ಡು)

ಕುಷ್ಟಗಿ
5 ಫೆಬ್ರುವರಿ 2000

ನಾಗೇಶ, ನಿನ್ನ ಪತ್ರ ಬಂದು ಒಂದೂವರೆ ತಿಂಗಳಾಯಿತು. ಸಂಕ್ರಾಂತಿಗೂ ಬರಲಿಲ್ಲ. ಅವ್ವ ಕೇಳಿದರೆ ಪರೀಕ್ಷೆ ಅಂತ ಹೇಳಿದ್ದೇನೆ. ಪರೀಕ್ಷೆ ಯಾವಾಗ ಅಂತ ಕನಿಷ್ಠ ನನಗಾದರೂ ತಿಳಿಸು, ಸುಳ್ಳಿಗೆ ತಾರೀಖು ಬೇಕು.

ಸಹನಾ

---

ಕುಷ್ಟಗಿ
20 ಫೆಬ್ರುವರಿ 2000

ನಾಗೇಶಾ,

ನಾ ಹೇಳಾಕತ್ತೀನಿ, ನಿಮ್ಮಕ್ಕ ಬರಿಯಾಕತ್ತಾಳ. ನಡುವ ತನ್ನ ಮಾತು ಸೇರಸಬ್ಯಾಡ ಅಂತ ಆಣಿ ಮಾಡಿಸೀನಿ.

ಉಣ್ಣಾಕ ಸರೀತ್ನಾಗ ಉಣ್ಣು. ಮೆಸ್ಸಿನ ಬ್ಯಾಳ್ಯಾಗ ನೀರು ಜಾಸ್ತಿ ಇದ್ರ ಅವರಿಗೆ ಹೇಳು, ಬಾಯಿ ಐತಿ ನಿನಗ.

ಹೊಸಾ ಮಿಕ್ಸರ್ ತಗೊಂಡೀನಿ. ಹೆಂಗ ಆರಿಸಿದೆ ಅಂತ ಕೇಳು. ಹಳೇದರ ಸೀಲು ಕಾಯೂದು ಇನ್ನೇನೈತಿ, ಮೌಲಾಹುಸೇನಗ ಕೊಟ್ಟೆ, ಬಿಚ್ಚಿದ. ಒಳಗ ತಂತಿ ಎಲ್ಲಾ ಸುಟ್ಟು ಕರ್ರಗ ಗಂಟಾಗಿತ್ತು. ಹೇಸಿಕಿ ಬಂತು ನೋಡಿ. "ಇದರ ಸಾಮಾನು ಹೊರಗ ಸಿಗೂದಿಲ್ಲ ಅಮರಕ್ಕ, ಒಂದು ಕಾರ್ಬನ್ ತುಂಡೂ ಅವರದ ಬ್ಯಾರೆ ಅಳತಿ" ಅಂದ. ನಾ ಕೇಳಿದೆ, "ಕೆಡದ ಮಿಕ್ಸರ್ ಯಾವುದಪಾ?" "ಅಂಥಾದ್ದು ಇಲ್ಲ" ಅಂದ. ಆ ಮಾತಿಗೆ ನನಗ ಅವನ ಮ್ಯಾಲೆ ನಂಬಿಕಿ ಬಂತು. "ಹಂಗಾರ ಕೆಟ್ಟ ದಿನಾನ ಕುಷ್ಟಗ್ಯಾಗ ಎದ್ದು ಕುಂದರೂದು ಯಾವುದು?" ಅಂದೆ. ಅವ ಕಪಾಟು ತಗದು ತೋರಿಸಿದ. ವಾಯುದೀಪ ಅಂತ ಒಂದು ಐತಿ, ಅದರ ಸಾಮಾನ ಡಬ್ಬಿಗಟ್ಟಲೆ ಇಟ್ಟಾನ.

ಅಂಗಡ್ಯಾಗ ಹೇಳೂದು ಬ್ಯಾರೆ, ಮನ್ಯಾಗ ಮಾಡೂದು ಬ್ಯಾರೆ. ಅದಕ್ಕ ಅವನ ಮನಿಗೆ ಹೋದೆ. ಲಾಲಬೀನ್ನ ಕೇಳಿದೆ, "ನಿನ್ನ ಗಂಡ ನಿನಗ ಯಾವುದು ಕೊಡಿಸ್ಯಾನ?" ಅಕಿ ಅಡಗಿಮನಿಗೆ ಕರಕೊಂಡು ಹೋದಳು. ವಾಯುದೀಪನ ಇತ್ತು. ನೋಡಾಕ ಹೊಲಸು, ಹಳದಿ ಹತ್ತೇತಿ, ಹಚ್ಚಿದ್ರ ಘಾಟ್ ಏರೂ ಲಾರಿಗತೆ ಒದರತೈತಿ. "ಎಂಟು ವರ್ಷಾತಕ್ಕ. ನಾಕು ಸಲ ಕೆಟ್ಟೈತಿ, ನಾಕೂ ಸಲ ಸಂಜೀ ಅಡಗಿಗೆ ತಯಾರಾಗೇತಿ" ಅಂದಳು. ಅಲ್ಲೇ ನಿಂತು ಮೆಣಸಿನಕಾಯಿ ರುಬ್ಬಿಸಿ ನೋಡಿದೆ. ಅದನ್ನ ತಗೊಂಡೆ. ಪುಸ್ತಕಾ ಓದಿ ಆರಿಸಬಾರದು ನಾಗೇಶಾ, ರಿಪೇರಿಯವನ ಹೆಂಡ್ತಿ ಅಡಗಿಮನಿ ನೋಡಿ ಆರಿಸಬೇಕು.

ಕೈನೋವು ಸ್ವಲ್ಪ ಕಡಿಮಿ ಐತಿ. ಮೊನ್ನಿ ನನ್ನ ತುರುಬು ನಾನ ಕಟಗೊಂಡೆ, ವಾರಿ ಆಗೇತಿ ಅಂತ ನಿಮ್ಮಕ್ಕ ನಗತಾಳ.

ಆ ಕಾಗದದ ಸುದ್ದಿ ತಗಿಬ್ಯಾಡ. ಮುಗೀತು ಅದು.

ನಿಮ್ಮವ್ವ
ಅಮರಮ್ಮ

---

ಕೊಪ್ಪಳ
27 ಫೆಬ್ರುವರಿ 2000

ಗಜರಾಣಿ ಗೃಹೋಪಯೋಗಿ ಯಂತ್ರಗಳ ಕಂಪನಿಯ ವ್ಯವಸ್ಥಾಪಕರಿಗೆ,

ಡಿಸೆಂಬರಿನಲ್ಲಿ ನಿಮ್ಮ ರಾಯಚೂರು ಶಾಖೆಗೆ ಬಂದ ಗೃಹಿಣಿಯರ ಮಹಾಮಂಡಳಿಯ ಪತ್ರ ನಾನು ಬರೆದದ್ದು. ಅಂಥ ಮಂಡಳಿ ಇಲ್ಲ.

ಕುಷ್ಟಗಿಯ ಅಮರಮ್ಮ ನನ್ನ ತಾಯಿ. ಅವರ ಮಿಕ್ಸರಿನ ತಳದ ಪಟ್ಟಿಯ ಮೇಲೆ ಹೆಸರು ಕೊರೆಸಿದವನು ನಾನು. ನಮ್ಮ ಕಡೆ ಮನೆಗೆ ಬಂದ ಪಾತ್ರೆಗೆಲ್ಲ ಹೆಸರು ಹಾಕಿಸುತ್ತಾರೆ. ಯಂತ್ರದ ಮೈಯೆಲ್ಲ ಪ್ಲಾಸ್ಟಿಕ್ ಇದ್ದದ್ದರಿಂದ ಅಕ್ಷರ ಕೂಡುವ ಜಾಗ ಅದೊಂದೇ ಇತ್ತು. ಅಲ್ಲಿದ್ದ ಅಂಕಿಗಳು ನಿಮಗೆ ಇಷ್ಟು ಮುಖ್ಯವೆಂದು ಗೊತ್ತಿರಲಿಲ್ಲ.

ಯಂತ್ರ ರಿಪೇರಿ ಮಾಡಿಕೊಡಿ ಎಂದು ಕೇಳುತ್ತಿಲ್ಲ. ನಿಮ್ಮ ಕಡತದಲ್ಲಿ ನನ್ನ ತಾಯಿಯ ಸಹಿ ಇರುವ ಒಂದು ಕಾಗದವಿದೆ. ಅದರಲ್ಲಿ ಬರೆದ ಮಾತು ಸುಳ್ಳು. ನಿಮ್ಮ ಇಂಜಿನಿಯರು ಕೇಸಿನ ಹೆದರಿಕೆ ಹಾಕಿದ್ದರಿಂದ, ನನ್ನ ಹೆಸರು ಬರಬಾರದೆಂದು ಅವರು ಸಹಿ ಮಾಡಿದ್ದಾರೆ. ಆ ಕಾಗದವನ್ನು ಮರಳಿ ಕಳುಹಿಸಿ. ಅದರ ಬದಲಿಗೆ ಈ ಪತ್ರ ಇಟ್ಟುಕೊಳ್ಳಿ. ಕೇಸು ಹಾಕುವುದಿದ್ದರೆ ನನ್ನ ಮೇಲೆ ಹಾಕಿ.

ನಾಗೇಶ
(ಪ್ರತಿ: ಸಹನಾ, ಕುಷ್ಟಗಿ)

---

ಕುಷ್ಟಗಿ
18 ಮಾರ್ಚ್ 2000

ನಾಗೇಶ,

ಕಂಪನಿಯ ಉತ್ತರ ಬಂದಿದೆ, ಮನೆಯ ವಿಳಾಸಕ್ಕೆ, ಅವ್ವನ ಹೆಸರಿಗೆ. ಲಕೋಟೆ ಒಡೆದರೆ ಒಳಗೆ ಬಣ್ಣದ ಹಾಳೆ. ಗಜರಾಣಿಯ ಹೊಸ ಮಾದರಿ, ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ, ಜೊತೆಗೆ ಜ್ಯೂಸಿನ ಜಾರು ಉಚಿತ. ಕೆಳಗೆ ಸೇವಾಕೇಂದ್ರಗಳ ಪಟ್ಟಿ, ಅದರಲ್ಲಿ ಕೊಪ್ಪಳ ಇನ್ನೂ ಇದೆ. ಅವ್ವ ಸಹಿ ಮಾಡಿದ ಕಾಗದವಿಲ್ಲ. ನಿನ್ನ ಪತ್ರದ ಬಗ್ಗೆ ಒಂದು ಸಾಲೂ ಇಲ್ಲ. ಆ ಹಾಳೆಯನ್ನು ಮಡಚಿ ಕಸದ ಬುಟ್ಟಿಯಲ್ಲಿ, ಈರುಳ್ಳಿ ಸಿಪ್ಪೆಯ ಕೆಳಗೆ ತುರುಕಿದೆ. ಮೇಲೆ ಹಾಕಲೂ ಮನಸ್ಸಾಗಲಿಲ್ಲ.

ನೀನು ಕಳಿಸಿದ ಪ್ರತಿಯನ್ನು ಅವ್ವನಿಗೆ ಓದಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ಓದಿ ಮುಗಿಯುವವರೆಗೆ ಕೈ ನಿಲ್ಲಿಸಲಿಲ್ಲ. ಆಮೇಲೆ ಇಷ್ಟು ಹೇಳಿದಳು: "ಕಂಪನಿಗೆ ಹೇಳ್ಯಾನ. ಕಂಪನಿ ಏನ್ ಅವನ್ನ ಹಡದೈತೇನು?"

ಎರಡು ತಿಂಗಳು ನೀನು ಅವಳಿಗೆ ಒಂದು ಅಕ್ಷರ ಬರೆದಿಲ್ಲ. ಬೇರೆಯವರೆಲ್ಲರಿಗೂ ನಿನ್ನ ಹತ್ತಿರ ಮಾತಿದೆ.

ವಿರುಪಣ್ಣ ಈಗಲೂ ತಾಟಿನ ಮುಂದೆ ಕೂತೊಡನೆ, "ಇವತ್ತಿನ ರೊಟ್ಟಿ ಯಾರ ಮನಿಂದು ಕದ್ದಿ ಅಮರಕ್ಕ?" ಅನ್ನುತ್ತಾನೆ. ಮೊದಮೊದಲು ಅವ್ವ ಬಾಯಿ ಮಾಡುತ್ತಿದ್ದಳು. ಈಗ ನಗುತ್ತಾಳೆ. ಆ ನಗು ನನಗೆ ಸೇರುವುದಿಲ್ಲ.

ಸಹನಾ

---

ಕೊಪ್ಪಳ
22 ಮಾರ್ಚ್ 2000

ಅವ್ವಾ,

ಇದನ್ನ ಅಕ್ಕ ಮಧ್ಯಾಹ್ನದಾಗ ಓದಲಿ, ಪಂಕ್ತಿ ಕುಂತ ಮ್ಯಾಲೆ. ಒಲಿ ಮುಂದ ಅಲ್ಲ, ಹೊರಗ, ಉಣ್ಣೋರ ನಡುವ ನಿಂತು, ಎಲ್ಲಾರಿಗೂ ಕೇಳಂಗ ಓದಲಿ. ವಿರುಪಣ್ಣನ ಡ್ಯೂಟಿ ಇಲ್ಲದಿದ್ರ, ಅವ ಬರೂ ದಿನದ ತನಕ ತಡೀರಿ.

ಆ ಮಿಕ್ಸರಿನ ತಳದಾಗ ಕೊರಸಿದಾವ ನಾನು, ಅಮರಮ್ಮನ ಮಗ ನಾಗೇಶ. ಅವ್ವಗ ಕೈ ಭಾಳ ನೋಯಾಕತ್ತಿತ್ತು, ದಿನಾ ಒಂದ ಸಲ ನಗಲಿ ಅಂತ ಕೊರಸಿದೆ. ನಂಬರಿನ ಮ್ಯಾಲೆ ಬಿದ್ದದ್ದು ನನಗ ಕಾಣಲಿಲ್ಲ. ಆ ಕಂಪನಿ ಮನಿಶ್ಯಾನ್ನ ಕುಷ್ಟಗಿಗೆ ಬರಂಗ ಮಾಡಿದಾವನೂ ನಾನ, ಸುಳ್ಳು ಪತ್ರ ಬರದು. ಅವ ಕೇಸ್ ಹಾಕ್ತೀನಿ ಅಂದದ್ದಕ್ಕ ಅವ್ವ ನನ್ನ ಹೆಸರು ಹೇಳದ ತಾನು ಸಹಿ ಮಾಡ್ಯಾಳ. ಮಷೀನು ಅಂಗಡ್ಯಾಗ ತಗೊಂಡದ್ದು, ಚೀಟಿ ಐತಿ, ಯಾರಿಗೆ ಬೇಕೋ ಅವರು ನೋಡ್ರಿ. ಅಕಿ ಕಳ್ಳಿ ಅಲ್ಲ. ವಿರುಪಣ್ಣ ಕಾಕಾ, ಇನ್ನ ಮ್ಯಾಲೆ ಆ ಚ್ಯಾಷ್ಟಿ ಮಾಡೂದಿದ್ರ ನನಗ ಮಾಡ್ರಿ.

ಅವ್ವಾ, ಇದನ್ನ ನಿನಗ ಹೇಳಾಕ ಬಾಯಿ ಬರಲಿಲ್ಲ. ನೀ ಬೈಯೂದಿಲ್ಲ ಅನ್ನೂದು ಗೊತ್ತಿತ್ತು, ಅದಕ್ಕ ಬರಲಿಲ್ಲ.

ಶನಿವಾರ ಹನ್ನೆರಡರ ಬಸ್ಸಿಗೆ ಬರ್ತೀನಿ. ಎಲ್ಲಾರೂ ಉಣ್ಣಾಕ ಕುಂತಿರತಾರ. ಒಳಗ ಕರದು ಸಮಾಧಾನ ಮಾಡಬ್ಯಾಡ. ಅವರ ಮುಂದ ಬೈ.

ನಿನ್ನ ಮಗ
ನಾಗೇಶ